ಈ ಓಟದ ಖರ್ಚು ಯಾರ ತಲೆಗೆ?

2012ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಕಿಂಗ್‌ಫಿಷರ್ ಏರ್‌ಲೈನ್ಸ್‌ನ ವಿಮಾನಗಳು ಒಂದನೇ ತಾರೀಖಿನಿಂದಲೇ ನೆಲ ಬಿಟ್ಟು ಏಳಲಿಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು, ಪೈಲಟ್‌ಗಳು ಮುಷ್ಕರ ಹೂಡಿದ್ದರು. ನಾಲ್ಕನೇ ತಾರೀಖು ದೆಹಲಿಯಲ್ಲಿ ಆ ಕಂಪನಿಯ ನೌಕರರೊಬ್ಬರ ಹೆಂಡತಿ, ಗಂಡನಿಗೆ ಸಂಬಳ ಬಂದಿಲ್ಲವೆಂದು ಚೀಟಿ ಬರೆದಿಟ್ಟು ಪ್ರಾಣ ಬಿಟ್ಟರು. 20ರಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕಂಪನಿಯ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. 28ರ ಭಾನುವಾರ ಗ್ರೇಟರ್ ನೊಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಅದೇ ಒಡೆಯರ ಫಾರ್ಮುಲಾ ಒನ್ ತಂಡವಾದ ಫೋರ್ಸ್ ಇಂಡಿಯಾದ ಎರಡು ಕಾರುಗಳು ಕೇಸರಿ, ಬಿಳಿ, ಹಸಿರು ಬಣ್ಣ ತೊಟ್ಟು ಓಡಿದವು. ನಿಕೊ ಹುಲ್ಕೆನ್‌ಬರ್ಗ್ ಎಂಟನೆಯವರಾಗಿ ಗುರಿ ಮುಟ್ಟಿದರು. ರೇಸಿನ ದಿನ ಟ್ರ್ಯಾಕಿಗೇ ಬಂದು ಪ್ರತಿಭಟಿಸುತ್ತೇವೆ ಎಂದಿದ್ದರು ನೌಕರರು. ದೀಪಾವಳಿಯೊಳಗೆ ಬಾಕಿಯಲ್ಲಿ ಒಂದಿಷ್ಟು ಕೊಡುತ್ತೇವೆಂದು ಕಂಪನಿ ಮಾತು ಕೊಟ್ಟಿತು, ಆ ವಾರವೇ ಮುಷ್ಕರ ನಿಂತಿತು.

ಒಂದೇ ತಿಂಗಳು, ಒಬ್ಬರೇ ಒಡೆಯರು, ಎರಡು ಸಂಸಾರ. ಒಂದು ಸಂಸಾರಕ್ಕೆ ಅಕ್ಕಿ ಬೇಳೆಗೆ ದುಡ್ಡಿಲ್ಲ, ಇನ್ನೊಂದರ ಕಾರಿಗೆ ಟೈರು, ಪೆಟ್ರೋಲು ಯಾವುದಕ್ಕೂ ಕೊರತೆಯಿಲ್ಲ. ಅವೆರಡೂ ಕಾನೂನಿನ ಪ್ರಕಾರ ಬೇರೆ ಬೇರೆ ಕಂಪನಿಗಳು ಎಂದು ವಕೀಲರು ಹೇಳುತ್ತಾರೆ. ಬ್ಯಾಂಕಿನಿಂದ ತಂದ ಸಾಲದಲ್ಲಿ ಒಂದಿಷ್ಟು ಈ ತಂಡಕ್ಕೆ ಹರಿಯಿತು ಎಂಬುದು ತನಿಖಾ ಸಂಸ್ಥೆಗಳ ಆರೋಪ, ಎರಡರ ಒಡೆಯರೂ ಆಗಿದ್ದ ಮದ್ಯದ ಉದ್ಯಮಿ ವಿಜಯ್ ಮಲ್ಯ ಅದನ್ನು ಒಪ್ಪುವುದಿಲ್ಲ. ಅದು ಕೋರ್ಟು ತೀರ್ಮಾನಿಸಬೇಕಾದ ಮಾತು. ನಾನು ಕೇಳುತ್ತಿರುವುದು ಕೋರ್ಟಿನ ಕಟಕಟೆಗೆ ಬಾರದ ಪ್ರಶ್ನೆ. ದುಡಿದವರ ಸಂಬಳ ಬಾಕಿಯಿರುವಾಗ ಅದೇ ಮನೆಯ ಹೆಸರಿನ ಕಾರು ನಮ್ಮ ಬಾವುಟದ ಬಣ್ಣ ಹೊತ್ತು ಓಡಬಹುದೆ? ಅದನ್ನು ಕಂಡು ಒಂದು ನಾಡು ಹೆಮ್ಮೆಪಡಬಹುದೆ?

ಮೋಟಾರ್ ರೇಸ್ ಕೆಟ್ಟದ್ದೆಂದು ಹೇಳಲು ನಾನು ಪೆನ್ನು ಹಿಡಿದಿಲ್ಲ. ಬೆಲ್ಜಿಯಂನ ಸ್ಪಾದಲ್ಲಿ ಓ ರೂಜ್ ತಿರುವಿನಿಂದ ಮೇಲಕ್ಕೇರುವ ಕಾರನ್ನು ಒಮ್ಮೆ ನೋಡಿದವರು ಅದನ್ನು ಮರೆಯಲಾರರು. 2023ರಲ್ಲಿ ಕತಾರಿನಲ್ಲಿ ಮೆಕ್‌ಲಾರೆನ್ ತಂಡದವರು 1.80 ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸಿ ಕಾರನ್ನು ಬಿಟ್ಟುಕೊಟ್ಟರು. ಎರಡು ಡಜನ್ ಕೈಗಳು ಒಂದೇ ಮನಸ್ಸಿನಿಂದ ಆಡಿದರಷ್ಟೇ ಸಾಧ್ಯವಾಗುವ ಕೆಲಸ ಅದು. ಈ ಆಟದಲ್ಲಿ ವಿದ್ಯೆಯಿದೆ, ಧೈರ್ಯವಿದೆ, ಕೈಕಸುಬಿನ ಘನತೆಯಿದೆ. ಅದರ ಮೇಲಿನ ಪ್ರೀತಿಯಿಂದಲೇ ಅದರ ಲೆಕ್ಕದ ಪುಸ್ತಕ ತೆರೆಯಬೇಕೆಂದು ಕೇಳುತ್ತಿದ್ದೇನೆ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಗೇಟಿಗೆ ಎದುರಾಗಿ ಫೋರ್ಸ್ ಇಂಡಿಯಾದ ಕಾರು ತಯಾರಾಗುತ್ತಿದ್ದ ಕಾರ್ಖಾನೆಯಿದೆ. ಅದರ ಬೇರು ಐರ್ಲೆಂಡಿನ ಎಡ್ಡಿ ಜೋರ್ಡನ್ ಕಟ್ಟಿದ ತಂಡದಲ್ಲಿದೆ. ಆ ತಂಡ 1991ರಲ್ಲಿ ಫಾರ್ಮುಲಾ ಒನ್‌ಗೆ ಇಳಿಯಿತು. ಮೈಕಲ್ ಶೂಮಾಕರ್ ಮೊದಲ ಎಫ್1 ರೇಸಿಗೆ ಕೂತದ್ದು ಈ ತಂಡದ ಕಾರಿನಲ್ಲಿ, ಅದೇ ವರ್ಷ, ಸ್ಪಾದಲ್ಲಿ. ಮುಂದೆ ಆ ಕಾರು ಬೆನ್ಸನ್ ಅಂಡ್ ಹೆಜಸ್ ಸಿಗರೇಟಿನ ಹಳದಿ ಬಣ್ಣ ಹೊತ್ತು ಓಡಿತು. 2005ರಲ್ಲಿ ಕೊಯಮತ್ತೂರಿನ ನರೈನ್ ಕಾರ್ತಿಕೇಯನ್ ಭಾರತದ ಮೊದಲ ಎಫ್1 ಡ್ರೈವರ್ ಆದದ್ದೂ ಇದೇ ತಂಡದಿಂದ. ಆ ಹೊತ್ತಿಗೆ ಉಕ್ಕಿನ ವ್ಯಾಪಾರಿ ಅಲೆಕ್ಸ್ ಶ್ನೈಡರ್ ಅದನ್ನು ಕೊಂಡಾಗಿತ್ತು. ಮರುವರ್ಷ ಹೆಸರು ಮಿಡ್‌ಲ್ಯಾಂಡ್ ಎಂದಾಯಿತು. ಆಮೇಲೆ ಸ್ಪೈಕರ್ ಎಂಬ ಡಚ್ ಕಾರು ಕಂಪನಿ. 2007ರಲ್ಲಿ 8.8 ಕೋಟಿ ಯೂರೊಗೆ ಮಲ್ಯ ಮತ್ತು ಅವರ ಡಚ್ ಪಾಲುದಾರರು. 2011ರ ಅಕ್ಟೋಬರಿನಲ್ಲಿ 10 ಕೋಟಿ ಡಾಲರ್ ಹಾಕಿ ಸಹಾರಾ ಬಳಗ ಶೇ 42.5ರ ಪಾಲು ಪಡೆಯಿತು, ತಂಡದ ಹೆಸರಿನ ಮುಂದೆ ಸಹಾರಾ ಬಂದು ಕೂತಿತು.

ಸಹಾರಾ ಅಂದರೆ ಯಾರ ದುಡ್ಡು? ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಕಟ್ಟುತ್ತಿದ್ದ ತರಕಾರಿ ಮಾರುವವರು, ರಿಕ್ಷಾ ಎಳೆಯುವವರು, ಬ್ಯಾಂಕಿನ ಬಾಗಿಲು ಹತ್ತಲು ಹಿಂಜರಿಯುತ್ತಿದ್ದವರು ಕೂಡಿಟ್ಟದ್ದನ್ನು ನಂಬಿ ಬೆಳೆದ ಬಳಗ ಅದು. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್, ಹೂಡಿಕೆದಾರರಿಂದ ಪಡೆದ ಸುಮಾರು 24 ಸಾವಿರ ಕೋಟಿ ರೂಪಾಯಿಯನ್ನು ಶೇ 15ರ ಬಡ್ಡಿಯೊಂದಿಗೆ ವಾಪಸು ಮಾಡಿ ಎಂದು ಆ ಬಳಗದ ಎರಡು ಕಂಪನಿಗಳಿಗೆ ಹೇಳಿತು. ಸುಮಾರು ಎರಡು ತಿಂಗಳ ಮೇಲೆ ಓಡಿದ ಕಾರಿನ ಮೈಮೇಲೆ ಸಹಾರಾ ಮತ್ತು ಕಿಂಗ್‌ಫಿಷರ್ ಎರಡೂ ಹೆಸರಿದ್ದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರೆ ನಮ್ಮ ಹಳ್ಳಿಗಳಲ್ಲಿ. ಜಾತ್ರೆ ಮುಗಿದ ಮೇಲೆ ಆ ಯಾರೋ ಮನೆಯಲ್ಲಿ ಏನು ಉಂಡರು ಎಂದು ನಾವು ಹೋಗಿ ವಿಚಾರಿಸಿದೆವೆ?

ಮುಂದಿನದು ನನ್ನನ್ನು ಇನ್ನಷ್ಟು ಕಾಡುತ್ತದೆ. 2018ರ ಜುಲೈ ಕೊನೆಗೆ ಫೋರ್ಸ್ ಇಂಡಿಯಾದ ಕೈ ಬರಿದಾಯಿತು. ಆಗ ಅದರದೇ ಡ್ರೈವರ್ ಸೆರ್ಜಿಯೊ ಪೆರೆಜ್, ತಮಗೆ ಬರಬೇಕಾದ ಬಾಕಿಯ ಆಧಾರದ ಮೇಲೆ ಲಂಡನ್ನಿನ ಹೈಕೋರ್ಟಿಗೆ ಹೋಗಿ ತಂಡವನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸುವಂತೆ ಮಾಡಿದರು. ತಂಡ ಮುಚ್ಚಿಹೋಗಬಾರದು, 400 ಜನರ ಕೆಲಸ ಉಳಿಯಬೇಕು ಎಂಬುದೇ ಅವರು ಕೊಟ್ಟ ಕಾರಣ. ಮಲ್ಯರ ಆಸ್ತಿಗಳ ಮೇಲೆ ಭಾರತದ 13 ಬ್ಯಾಂಕುಗಳ ತಡೆ ಇದ್ದುದರಿಂದ ಹಳೆಯ ಕಂಪನಿಯ ಷೇರು ಮಾರಲು ಆಗಲಿಲ್ಲ. ಕಾರ್ಖಾನೆ, ಯಂತ್ರ, ಕೆಲಸಗಾರರನ್ನು ಹೊಸ ಕಂಪನಿಯೊಂದಕ್ಕೆ ವರ್ಗಾಯಿಸಿದರು. ಬಟ್ಟೆಯ ವ್ಯಾಪಾರದಲ್ಲಿ ಸಿರಿವಂತರಾದ ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಗೆಳೆಯರು 9 ಕೋಟಿ ಪೌಂಡ್ ಕೊಟ್ಟು ಕೊಂಡರು. ಇಷ್ಟೆಲ್ಲ ಆದದ್ದು ಕೆಲವೇ ವಾರಗಳಲ್ಲಿ. 405 ಕೆಲಸಗಾರರಲ್ಲಿ ಒಬ್ಬರೂ ಬೀದಿಗೆ ಬೀಳಲಿಲ್ಲ.

ಅದು ಒಳ್ಳೆಯದೇ ಆಯಿತು. ಸಿಲ್ವರ್‌ಸ್ಟೋನಿನ ಫಿಟ್ಟರನಿಗೆ ಸಿಕ್ಕ ರಕ್ಷಣೆ ಸರಿಯಾದ ರಕ್ಷಣೆ. ಆದರೆ ಅದೇ ಒಡೆಯರ ಇನ್ನೊಂದು ಕಂಪನಿಯಲ್ಲಿ ಬೆಂಗಳೂರು, ಮುಂಬೈ, ದೆಹಲಿಯ ವಿಮಾನ ನಿಲ್ದಾಣಗಳಲ್ಲಿ ರಾತ್ರಿ ಪಾಳಿ ಮಾಡಿದ ಸಾವಿರಾರು ಜನ ಹತ್ತು ವರ್ಷ ಕಳೆದರೂ ಕಾಯುತ್ತಲೇ ಇದ್ದರು. ಮಲ್ಯರ ಆಸ್ತಿ ಮಾರಿ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿಸಲಾಗಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ಹೇಳಿದರು. ಬ್ಯಾಂಕುಗಳಿಗೆ ಹಣ ಬಂದದ್ದು ಸರಿ. ಸಾಲು ನಿಲ್ಲಿಸುವಾಗ ಮೊದಲು ಬ್ಯಾಂಕು, ಕೊನೆಗೆ ಕೂಲಿ ಎಂದು ನಿರ್ಧರಿಸಿದವರು ಯಾರು? ಲಂಡನ್ನಿನಲ್ಲಿ ವಾರಗಳಲ್ಲಿ ಆದ ಕೆಲಸಕ್ಕೆ ನಮ್ಮಲ್ಲಿ ಒಂದು ತಲೆಮಾರು ಬೇಕೆ?

ಆ ಕಾರ್ಖಾನೆಯ ಕತೆ ಮುಂದುವರಿಯಿತು. 2021ರಿಂದ ಅದು ಆಸ್ಟನ್ ಮಾರ್ಟಿನ್. 2022ರಿಂದ ಹೆಸರಿನ ಜೊತೆಗೆ ಸೌದಿ ಅರೇಬಿಯಾದ ತೈಲ ಕಂಪನಿ ಅರಾಮ್ಕೊ. 2023ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಪಾಲು ಕೊಂಡಾಗ ತಂಡಕ್ಕೆ ಕಟ್ಟಿದ ಬೆಲೆ ಸುಮಾರು 100 ಕೋಟಿ ಪೌಂಡ್. ಐದೇ ವರ್ಷದಲ್ಲಿ ಹತ್ತು ಪಟ್ಟಿಗೂ ಮಿಗಿಲು. ತಂಬಾಕು, ಉಕ್ಕು, ಮದ್ಯ, ಬಡವರ ಠೇವಣಿ, ಬಟ್ಟೆಯ ವ್ಯಾಪಾರ, ಕಚ್ಚಾ ತೈಲ ಎಲ್ಲವೂ ಒಂದೇ ಬಾಗಿಲಿನಿಂದ ಬಂದುಹೋದವು. ಒಡೆತನ ಮತ್ತೆ ಮತ್ತೆ ಬದಲಾಯಿತು. ನಷ್ಟ ಹೊರುವವರು ಮಾತ್ರ ಬದಲಾಗಲಿಲ್ಲ. ಅವರಿಗೆ ಮಾತುಕತೆಯ ಮೇಜಿನಲ್ಲಿ ಎಂದೂ ಕುರ್ಚಿ ಇರಲಿಲ್ಲ.

ಮೇಜಿನಲ್ಲಿ ಕೂತವರು ಯಾರೆಂದೂ ಒಂದಿಷ್ಟು ಹೇಳಬೇಕು. 1970ರ ದಶಕದವರೆಗೆ ಒಂದೊಂದು ಟ್ರ್ಯಾಕಿನವರು ಒಂದೊಂದು ತಂಡದೊಂದಿಗೆ ಚೌಕಾಶಿ ಮಾಡಿ ರೇಸು ನಡೆಸುತ್ತಿದ್ದರು. ಇಂಗ್ಲೆಂಡಿನ ಕಾರು ವ್ಯಾಪಾರಿ ಬರ್ನಿ ಎಕ್ಲ್‌ಸ್ಟೋನ್ ತಂಡಗಳನ್ನೆಲ್ಲ ಒಗ್ಗೂಡಿಸಿ ಎಲ್ಲರ ಪರವಾಗಿ ತಾವೇ ಮಾತಾಡತೊಡಗಿದರು. ಬರಬರುತ್ತ ಟಿ.ವಿ. ಹಕ್ಕು ಅವರ ಕೈಗೆ ಬಂತು. ಹಿಂದೆ ಅವರಿಗೆ ಕಾನೂನು ಸಲಹೆಗಾರರಾಗಿದ್ದ ಮ್ಯಾಕ್ಸ್ ಮೋಸ್ಲಿ ಆಟದ ಆಡಳಿತ ಸಂಸ್ಥೆ ಎಫ್‌ಐಎಗೆ ಅಧ್ಯಕ್ಷರಾದರು. ಆ ಕಾಲದಲ್ಲೇ ಎಫ್‌ಐಎ ಈ ಆಟದ ವಾಣಿಜ್ಯ ಹಕ್ಕನ್ನು ಎಕ್ಲ್‌ಸ್ಟೋನ್‌ರ ಕಂಪನಿಗೆ ನೂರು ವರ್ಷಕ್ಕೆ ಗುತ್ತಿಗೆ ಕೊಟ್ಟಿತು. 2011ರಿಂದ 2110ರವರೆಗೆ, ಸುಮಾರು 31 ಕೋಟಿ ಡಾಲರಿಗೆ. ನಮ್ಮ ಮೊಮ್ಮಕ್ಕಳ ಮಕ್ಕಳು ನೋಡುವ ರೇಸಿನ ಹಣವೂ ಆಗಲೇ ಮಾರಾಟವಾಗಿತ್ತು. ಆ ಹಕ್ಕು ಕೈಯಿಂದ ಕೈಗೆ ದಾಟಿತು. ಅದನ್ನು ಸಿವಿಸಿ ಎಂಬ ಹೂಡಿಕೆ ಕಂಪನಿಗೆ ಮಾರಿದ ವ್ಯವಹಾರದಲ್ಲಿ ಜರ್ಮನಿಯ ಬ್ಯಾಂಕ್ ಅಧಿಕಾರಿಯೊಬ್ಬರು 4.4 ಕೋಟಿ ಡಾಲರ್ ಲಂಚ ಪಡೆದದ್ದು ಸಾಬೀತಾಗಿ 2012ರಲ್ಲಿ ಎಂಟೂವರೆ ವರ್ಷ ಶಿಕ್ಷೆಯಾಯಿತು. ಲಂಚ ಕೊಟ್ಟ ಆರೋಪ ಎದುರಿಸಿದ ಎಕ್ಲ್‌ಸ್ಟೋನ್ ಅದನ್ನು ಅಲ್ಲಗಳೆದರು. 2014ರಲ್ಲಿ 10 ಕೋಟಿ ಡಾಲರ್ ಕಟ್ಟಿ, ತಪ್ಪು ಹೌದೋ ಅಲ್ಲವೋ ಎಂಬ ತೀರ್ಪಿಲ್ಲದೆಯೇ ಮ್ಯೂನಿಕ್ ಕೋರ್ಟಿನಿಂದ ಹೊರಬಂದರು. 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ 800 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಇಡೀ ಎಫ್1 ವಹಿವಾಟನ್ನು ಕೊಂಡಿತು.

ಹೊಸ ಒಡೆಯರು ಬಂದ ಮೇಲೆ ತಂಡದ ವಾರ್ಷಿಕ ಖರ್ಚಿಗೆ ಮಿತಿ ಬಂತು. 2021ರಲ್ಲಿ ಅದು 14.5 ಕೋಟಿ ಡಾಲರ್. ಸಣ್ಣ ತಂಡಗಳು ಉಸಿರಾಡಲು ಇದರಿಂದ ಅನುಕೂಲವಾಯಿತು, ಅದನ್ನು ಒಪ್ಪುತ್ತೇನೆ. ಆದರೆ ಆ ನಿಯಮದ ಒಳಗೆ ಕಣ್ಣಾಡಿಸಿ. ಡ್ರೈವರುಗಳ ಸಂಬಳ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಮೂವರದ್ದೂ ಬರುವುದಿಲ್ಲ. ಚಕ್ರ ಬಿಗಿಯುವ ಮೆಕ್ಯಾನಿಕ್, ಲೇತಿನ ಮುಂದೆ ನಿಂತವರು, ಕಾರ್ಬನ್ ಹಾಳೆ ಕತ್ತರಿಸುವವರ ಸಂಬಳ ಮಾತ್ರ ಪೂರ್ತಿ ಬರುತ್ತದೆ. ಅವರಿಗೆ ಸಾವಿರ ಪೌಂಡ್ ಏರಿಸಿದರೆ ಕಾರಿನ ರೆಕ್ಕೆಗೆ ಸಾವಿರ ಪೌಂಡ್ ಕಡಿಮೆ. ಮಿತವ್ಯಯದ ಭಾರವನ್ನು ಕೆಳಗಿನವರ ಬೆನ್ನಿಗೇ ಕಟ್ಟುವ ಈ ಸಾಲನ್ನು ಬರೆಯುವ ಮಾತುಕತೆಯಲ್ಲಿ ಮಿತಿಯ ಹೊರಗೆ ಉಳಿದವರೂ ಇದ್ದರು ಎಂಬುದನ್ನು ಮರೆಯಬೇಡಿ.

ಈಗ ನಮ್ಮ ನೆಲಕ್ಕೆ ಬರೋಣ. ಬುದ್ಧ್ ಸರ್ಕ್ಯೂಟ್ ಇರುವುದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಜೇಪೀ ಬಳಗಕ್ಕೆ ಹಂಚಿದ ಭೂಮಿಯಲ್ಲಿ. ಆ ಪ್ರಾಧಿಕಾರಕ್ಕಾಗಿ ಭೂಮಿ ಪಡೆಯಲು 1894ರ ಭೂಸ್ವಾಧೀನ ಕಾಯ್ದೆಯ ತುರ್ತು ಕಲಮನ್ನು ಧಾರಾಳವಾಗಿ ಬಳಸಲಾಯಿತು. ತುರ್ತು ಎಂದರೆ ರೈತನ ಆಕ್ಷೇಪಣೆ ಕೇಳುವ ಹಂಗಿಲ್ಲ. ಮೊದಲ ರೇಸಿಗೆ ಆರು ತಿಂಗಳಿಗೂ ಕಡಿಮೆ ಉಳಿದಿದ್ದಾಗ, 2011ರ ಮೇ ತಿಂಗಳಿನಲ್ಲಿ, ಅದೇ ಪ್ರದೇಶದ ಭಟ್ಟಾ ಪಾರ್ಸೌಲ್ ಹಳ್ಳಿಯಲ್ಲಿ ಪರಿಹಾರ ಕೇಳಿದ ರೈತರಿಗೂ ಪೊಲೀಸರಿಗೂ ಘರ್ಷಣೆಯಾಗಿ ಇಬ್ಬರು ರೈತರು, ಇಬ್ಬರು ಪೊಲೀಸರು ಸತ್ತರು. ಭೂಮಿ ಕಳೆದುಕೊಂಡವರಿಗೆ ಶೇ 64.7ರ ಹೆಚ್ಚುವರಿ ಪರಿಹಾರವನ್ನು ಯಾರು ಕೊಡಬೇಕೆಂಬ ಜಗಳ 2022ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರೇಸು ಶುರುವಾಗಿ ನಿಂತು ಒಂಬತ್ತು ವರ್ಷ ಕಳೆದ ಮೇಲಿನ ಮಾತಿದು.

2017ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ ತೆರಿಗೆ ತೀರ್ಪೊಂದಿದೆ. ಬಿಡುವಿದ್ದಾಗ ಅದನ್ನು ಓದಿ. ಈ ಆಟದ ಅಧಿಕಾರ ಎಲ್ಲಿದೆ ಎಂಬುದು ಅದರಲ್ಲಿರುವ ಕಾಗದಪತ್ರಗಳ ತಾರೀಖುಗಳಿಂದಲೇ ಗೊತ್ತಾಗುತ್ತದೆ. 2011ರ ಸೆಪ್ಟೆಂಬರ್ 13ರಂದು ಜೇಪೀ ಸ್ಪೋರ್ಟ್ಸ್ ರೇಸು ನಡೆಸುವ ಹಕ್ಕಿಗೆ ಎಫ್1ನ ವಾಣಿಜ್ಯ ಹಕ್ಕು ಹೊಂದಿದ ಲಂಡನ್ನಿನ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೆಲೆ 4 ಕೋಟಿ ಡಾಲರ್. ಲಾಂಛನ ಬಳಸಲು ಅದೇ ದಿನ ಇನ್ನೊಂದು ಒಪ್ಪಂದ. ಅದರ ಬೆಲೆ ಒಂದು ಡಾಲರ್. ಟ್ರ್ಯಾಕಿನ ಜಾಹೀರಾತು, ಪ್ರಾಯೋಜಕತ್ವದ ಹಕ್ಕುಗಳನ್ನು ಜೇಪೀ ಆ ಕಂಪನಿಯ ಸೋದರ ಸಂಸ್ಥೆಗಳಿಗೇ ಬರೆದುಕೊಟ್ಟಿತು. ಹಕ್ಕು ಅವರ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ, ಅವರು ರೇಸಿನ ಹೆಸರನ್ನು ಏರ್‌ಟೆಲ್‌ಗೆ ಮಾರಿದ್ದು ಆಗಸ್ಟಿನಲ್ಲೇ. ಭೂಮಿ ನಮ್ಮದು, ಕಟ್ಟಿದ ಸಾಲ ನಮ್ಮವರದು, ಬಿಸಿಲಲ್ಲಿ ಡಾಂಬರು ಹಾಸಿದವರು ನಮ್ಮವರು. ಜಾಹೀರಾತು, ಪ್ರಾಯೋಜಕತ್ವದ ಗಳಿಕೆ ಅವರದು. ಇಷ್ಟಾದರೂ ಭಾರತದಲ್ಲಿ ತಮಗೆ ಕಾಯಂ ನೆಲೆಯಿಲ್ಲ, ಇಲ್ಲಿ ತೆರಿಗೆ ಕಟ್ಟಬೇಕಿಲ್ಲ ಎಂದು ಅವರು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ರೇಸಿನ ಪ್ರತಿ ಅಂಗುಲದ ಮೇಲೂ ನಿಮ್ಮದೇ ಹಿಡಿತವಿತ್ತು, ತೆರಿಗೆಯೂ ನಿಮ್ಮದೇ ಎಂಬುದು ತೀರ್ಪಿನ ತಿರುಳು.

ಮೂರು ರೇಸು ನಡೆದವು. ಮೂರನ್ನೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. 2013ರ ನಂತರ ಎಫ್1 ಇತ್ತ ತಲೆ ಹಾಕಲಿಲ್ಲ. ಬಾಕಿ ಕಟ್ಟಲಿಲ್ಲವೆಂದು ಪ್ರಾಧಿಕಾರ 2020ರಲ್ಲಿ ಜೇಪೀಯ ಸಾವಿರ ಹೆಕ್ಟೇರ್ ಹಂಚಿಕೆಯನ್ನು ರದ್ದು ಮಾಡಿತು, 2025ರ ಮಾರ್ಚಿನಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2024ರ ಜೂನಿನಲ್ಲಿ ಜೇಪೀಯ ಮೂಲ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆ ಬಳಗಕ್ಕೆ ದುಡ್ಡು ಕೊಟ್ಟು ಮನೆಗೆ ಕಾದ ಸಾವಿರಾರು ಮಧ್ಯಮವರ್ಗದ ಸಂಸಾರಗಳ ಗೋಳು ಬೇರೆಯೇ ಇದೆ. ಈಗ ಎಫ್1 ಮತ್ತೆ ಭಾರತಕ್ಕೆ ಬರಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬರಲಿ. ಆದರೆ ಹಳೆಯ ಲೆಕ್ಕ ಚುಕ್ತಾ ಆಗದೆ ಹೊಸ ಖಾತೆ ತೆರೆಯುವುದನ್ನು ನಮ್ಮ ಊರಿನ ಕಿರಾಣಿ ಅಂಗಡಿಯವರೂ ಒಪ್ಪುವುದಿಲ್ಲ.

ಇನ್ನು ಗಲ್ಫ್. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಈ ಭಾಗವನ್ನು ನಾನು ವಿವರಿಸಿ ಹೇಳಬೇಕಿಲ್ಲ. ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಎಂದರೆ ಯಾರು, ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿರುತ್ತದೆ, ಊರಿಗೆ ಹೊರಡಲು ಯಾರ ಸಹಿ ಬೇಕಾಗುತ್ತಿತ್ತು ಎಂಬುದು ಅಲ್ಲಿನ ಮನೆಮನೆಯ ಅನುಭವ. 2004ರಲ್ಲಿ ಬಹರೇನಿನಿಂದ ಶುರುವಾಗಿ ಎಫ್1 ಆ ದೇಶಗಳಲ್ಲಿ ಹಬ್ಬಿತು. 2009ರಲ್ಲಿ ಅಬುಧಾಬಿ, 2021ರಲ್ಲಿ ಕತಾರ್ ಮತ್ತು ಜೆಡ್ಡಾ. 2024ರ 24 ರೇಸುಗಳಲ್ಲಿ ನಾಲ್ಕು ಅಲ್ಲಿಯವು. ಅದೇ ಕಾಲದಲ್ಲಿ ಜರ್ಮನಿ, ಫ್ರಾನ್ಸ್ ಪಟ್ಟಿಯಿಂದ ಬಿದ್ದುಹೋದವು. ಸ್ಪಾದಂಥ ಸ್ಪಾ ಕೂಡ ಮುಂದೆ ಕೆಲವು ವರ್ಷ ಬಿಟ್ಟು ಬಿಟ್ಟು ಬರಬೇಕಾಗಿದೆ. ರೇಸು ನಡೆಸುವ ಶುಲ್ಕವನ್ನು ಟಿಕೆಟ್ ಮಾರಿ ಹೊಂದಿಸಬೇಕಾದ ಊರು, ಸರ್ಕಾರದ ಬೊಕ್ಕಸದಿಂದಲೇ ಕೊಡಬಲ್ಲ ದೊರೆತನದ ಎದುರು ಎಷ್ಟು ಹೊತ್ತು ನಿಂತೀತು?

2023ರ ಅಕ್ಟೋಬರಿನ ಕತಾರ್ ರೇಸು ನಡೆದದ್ದು ರಾತ್ರಿ. ಆದರೂ ಆ ಸೆಕೆಗೆ ಎಸ್ಟೆಬನ್ ಒಕಾನ್ ಹೆಲ್ಮೆಟಿನೊಳಗೇ ವಾಂತಿ ಮಾಡಿಕೊಂಡರು. ಲೋಗನ್ ಸಾರ್ಜೆಂಟ್ ಓಟ ಮುಗಿಸಲಾಗದೆ ಕಾರಿನಿಂದ ಇಳಿದರು. ಲ್ಯಾನ್ಸ್ ಸ್ಟ್ರೋಲ್ ಕಾರಿನಿಂದಿಳಿದು ಆಂಬುಲೆನ್ಸಿನತ್ತ ತೂರಾಡುತ್ತ ನಡೆದದ್ದನ್ನು ಲೋಕವೆಲ್ಲ ನೋಡಿತು. ಎಫ್‌ಐಎ ಸುಮ್ಮನೆ ಕೂರಲಿಲ್ಲ. ತಾಪದ ಸೂಚ್ಯಂಕ 31 ದಾಟುವ ಮುನ್ಸೂಚನೆಯಿದ್ದರೆ ಕಾರಿನಲ್ಲಿ ತಂಪುಗೊಳಿಸುವ ಸಲಕರಣೆ ಇರಲೇಬೇಕೆಂದು 2025ರ ಹೊತ್ತಿಗೆ ನಿಯಮ ಮಾಡಿತು. ಡ್ರೈವರ್ ಎಷ್ಟು ಶಾಖ ತಡೆಯಬಲ್ಲ ಎಂದು ಅಳೆದವರಿಗೆ, ಅದೇ ಟ್ರ್ಯಾಕಿನ ಬೇಲಿ ಕಟ್ಟಿದ, ಅದೇ ಗ್ಯಾಲರಿಯ ಕಬ್ಬಿಣ ಎತ್ತಿದ ಮನುಷ್ಯ ಎಷ್ಟು ತಡೆಯಬಲ್ಲ ಎಂದು ಅಳೆಯುವುದು ಕಷ್ಟವೆ? ಒಂದೂವರೆ ತಾಸು ಓಡಿಸುವವರ ಮೈಗೆ ನಿಯಮ ಮಾಡಿದಂತೆ, ದಿನಕ್ಕೆ ಹತ್ತು ತಾಸು ದುಡಿಯುವವರ ಮೈಗೂ ರೇಸಿನ ಒಪ್ಪಂದದಲ್ಲೇ ಒಂದು ಕಲಮು ಬರೆಯಬಹುದು. ಬರೆಯಿರಿ ಎಂದು ಕೇಳುವ ಹಕ್ಕು ನಮಗಿದೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಅಣ್ಣತಮ್ಮಂದಿರೂ ಇದ್ದಾರೆ.

ಬಹರೇನಿನಲ್ಲಿ ಈ ರೇಸನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಬರೆದದ್ದೂ ಸೇರಿದ ಪ್ರಕರಣದಲ್ಲಿ ಒಬ್ಬ ತಾಯಿ 2017ರಲ್ಲಿ ಬಂಧನಕ್ಕೊಳಗಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಸೌದಿ ಅರೇಬಿಯಾ 2022ರ ಮಾರ್ಚ್ 12ರಂದು ಒಂದೇ ದಿನ 81 ಜನರಿಗೆ ಮರಣದಂಡನೆ ಜಾರಿ ಮಾಡಿತು. ಎರಡು ವಾರದೊಳಗೆ ಜೆಡ್ಡಾದಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಟ್ರ್ಯಾಕಿನಿಂದ ಕಾಣುವಷ್ಟು ದೂರದಲ್ಲಿ ಅರಾಮ್ಕೊ ತೈಲ ಸಂಗ್ರಹಾಗಾರದ ಮೇಲೆ ಕ್ಷಿಪಣಿ ದಾಳಿಯಾಗಿ ಹೊಗೆ ಎದ್ದಿತು. ಡ್ರೈವರುಗಳು ನಡುರಾತ್ರಿ ದಾಟುವವರೆಗೆ ಕೂತು ಚರ್ಚಿಸಿದರು. ರೇಸು ನಡೆಯಿತು. ಲೂಯಿಸ್ ಹ್ಯಾಮಿಲ್ಟನ್, ವೆಟ್ಟೆಲ್‌ರಂಥ ಕೆಲವರು ಆ ಕಾಲದಲ್ಲಿ ಇಂಥ ವಿಷಯಗಳ ಬಗ್ಗೆ ಬಾಯಿಬಿಟ್ಟು ಮಾತಾಡಿದರು. 2022ರ ಡಿಸೆಂಬರಿನಲ್ಲಿ ಎಫ್‌ಐಎ, ಲಿಖಿತ ಅನುಮತಿ ಇಲ್ಲದೆ ರಾಜಕೀಯ ಹೇಳಿಕೆ ಕೂಡದು ಎಂಬ ನಿಯಮ ತಂದಿತು. ತುಟಿ ಹೊಲಿಯುವ ನಿಯಮಕ್ಕೆ ತಿಂಗಳುಗಳು ಸಾಕಾದವು. ಬೆವರಿಳಿಸುವವರ ನಿಯಮಕ್ಕೆ ಇನ್ನೂ ಮುಹೂರ್ತ ಬಂದಿಲ್ಲ.

ಒಂದು ಮಾತನ್ನು ಓದುಗರು ಗಮನಿಸಬೇಕು. ಟ್ರ್ಯಾಕಿನ ಅಂಚಿನಲ್ಲಿ ಕಿತ್ತಳೆ ಅಂಗಿ ತೊಟ್ಟು ಬಾವುಟ ಹಿಡಿದು ನಿಂತಿರುತ್ತಾರಲ್ಲ, ಮಾರ್ಷಲ್‌ಗಳು, ಅವರು ಸಾಮಾನ್ಯವಾಗಿ ಸಂಬಳವಿಲ್ಲದ ಸ್ವಯಂಸೇವಕರು. ಬೆಂಕಿ ಹತ್ತಿದ ಕಾರಿನತ್ತ ಮೊದಲು ಓಡುವವರು ಅವರೇ. 2000ದಲ್ಲಿ ಮೋಂಜಾದಲ್ಲಿ, 2001ರಲ್ಲಿ ಮೆಲ್ಬರ್ನಿನಲ್ಲಿ ಹಾರಿಬಂದ ಚಕ್ರ ತಗುಲಿ ಸತ್ತವರು, 2013ರಲ್ಲಿ ಮಾಂಟ್ರಿಯಲ್‌ನಲ್ಲಿ ಕಾರು ತೆರವು ಮಾಡುವಾಗ ಪ್ರಾಣ ಬಿಟ್ಟವರು ಇಂಥ ಮಾರ್ಷಲ್‌ಗಳು. ಎಫ್1ನ 2023ರ ಆದಾಯ 320 ಕೋಟಿ ಡಾಲರಿಗೂ ಹೆಚ್ಚು. ಬಾವುಟ ಹಿಡಿದವರ ಒಂದು ದಿನದ ಕೂಲಿಗೆ ಅದರಲ್ಲಿ ಜಾಗವಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಮೋಟಾರ್‌ಸೈಕಲ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಯಾವ ವಯಸ್ಸಿಗೆ ಎಷ್ಟು ವೇಗ, ಯಾರ ಹೊಣೆ, ಏನು ರಕ್ಷಣೆ ಎಂಬುದನ್ನು ಕ್ಲಬ್ಬುಗಳು, ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ, ಬೈಕ್ ಕಂಪನಿಗಳು, ತಂದೆತಾಯಿಗಳು ಬಹಿರಂಗವಾಗಿ ಕೂತು ಮಾತಾಡಬೇಕು. ಮಗುವಿನ ಹೆಸರಿನಲ್ಲಿ ಟ್ರೋಫಿ ಇಟ್ಟು ಕೈ ತೊಳೆದುಕೊಳ್ಳುವುದು ಬೇಡ.

ಇದರಲ್ಲಿ ಕನ್ನಡಿಗರಾಗಿ ನಮಗೇನು ಹೊಣೆ ಎಂದು ಕೇಳುವವರಿಗೆ ಹೇಳುತ್ತೇನೆ. ವಿಜಯ್ ಮಲ್ಯ 2002ರಲ್ಲಿ, ಮತ್ತೆ 2010ರಲ್ಲಿ ರಾಜ್ಯಸಭೆಗೆ ಹೋದದ್ದು ಕರ್ನಾಟಕದ ಶಾಸಕರ ಮತಗಳಿಂದ. ಯಾವುದೇ ಒಂದು ಪಕ್ಷವನ್ನು ಬೊಟ್ಟು ಮಾಡಿ ಉಳಿದವರು ಪಾರಾಗುವಂತಿಲ್ಲ, ಬೆಂಬಲ ಎಲ್ಲ ಕಡೆಯಿಂದಲೂ ಬಂದಿತ್ತು. ಎಫ್‌ಐಎಯ ವಿಶ್ವ ಮೋಟಾರ್ ಸ್ಪೋರ್ಟ್ ಕೌನ್ಸಿಲ್‌ನಲ್ಲಿ ಭಾರತದ ಪ್ರತಿನಿಧಿಯಾಗಿ ವರ್ಷಗಟ್ಟಲೆ ಕೂತದ್ದೂ ಅವರೇ. ತಂಡದ ಒಡೆತನ, ಸಂಸತ್ತಿನ ಕುರ್ಚಿ, ಆಟದ ಆಡಳಿತದ ಕುರ್ಚಿ ಮೂರೂ ಒಬ್ಬರ ಬಳಿ ಇದ್ದಾಗ ಸಂಬಳ ಕೇಳುವವನ ಅರ್ಜಿಯನ್ನು ಯಾರು ತೆಗೆದುಕೊಳ್ಳುತ್ತಾರೆ?

ನೆರೆಯ ರಾಜ್ಯಗಳನ್ನು ನೋಡಿ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು ನಡೆಯಿತು. ಮರುವರ್ಷದ್ದು ರದ್ದಾಯಿತು. ವಿದೇಶಿ ಸಂಘಟಕರಿಗೆ ಸುಮಾರು 55 ಕೋಟಿ ರೂಪಾಯಿ ನಿಯಮ ಮೀರಿ ಹೋಯಿತೆಂದು 2024ರ ಡಿಸೆಂಬರಿನಲ್ಲಿ ಮಾಜಿ ಸಚಿವ ಕೆ.ಟಿ. ರಾಮರಾವ್ ಅವರ ಮೇಲೆ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ಹೂಡಿತು. ಅವರು ಆರೋಪ ನಿರಾಕರಿಸಿದ್ದಾರೆ. ಚೆನ್ನೈನ ಬೀದಿ ರೇಸು 2023ರ ಡಿಸೆಂಬರಿನ ಪ್ರವಾಹದಿಂದ ಮುಂದಕ್ಕೆ ಹೋಗಿ 2024ರಲ್ಲಿ ನಡೆಯಿತು. ಸರ್ಕಾರ ಅದಕ್ಕೆ ಹಾಕಿದ 40 ಕೋಟಿಗೂ ಮೀರಿದ ಹಣದ ಪ್ರಶ್ನೆ ಹೈಕೋರ್ಟಿನಲ್ಲಿ ಚರ್ಚೆಯಾಯಿತು. ಎರಡೂ ಕಡೆ ಪ್ರಶ್ನೆ ಎದ್ದದ್ದು ಸಹಿ ಬಿದ್ದ ಮೇಲೆ. ನಾಳೆ ಬೆಂಗಳೂರಿಗೂ ಯಾರಾದರೂ ಇಂಥದೊಂದು ಪ್ರಸ್ತಾವ ಹೊತ್ತು ಬರಬಹುದು. ಆಗ ಪ್ರಶ್ನೆ ಸಹಿಗಿಂತ ಮುಂಚೆ ಏಳಬೇಕು.

ಕೇಳಿದರೆ ಏನಾಗುತ್ತದೆ ಎಂದು ಕೈಚೆಲ್ಲಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನವನ್ನು ಕೈಬಿಟ್ಟಿತು. ಅದು ರೇಸಿಗೆ ಸಂಬಂಧಿಸಿದ್ದಲ್ಲ. ಆದರೆ ಸರ್ಕಾರ ಬೇಕೆಂದದ್ದನ್ನು ಬೇಡವೆಂದು ಜನ ಹೇಳಬಹುದು ಎನ್ನುವುದನ್ನು ಅವರು ನಮ್ಮ ಕಣ್ಣೆದುರಿಗೇ ತೋರಿಸಿಕೊಟ್ಟಿದ್ದಾರೆ.

ರೇಸು ಇಷ್ಟಪಡುವ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ನೋಡುವುದನ್ನು ಬಿಡಬೇಡಿ. ನಿಮ್ಮ ನೋಟವೇ ಅಲ್ಲಿ ಮಾರಾಟವಾಗುವ ಸರಕು, ಹಾಗಾಗಿ ನಿಮ್ಮ ಪ್ರಶ್ನೆಗೂ ಅಲ್ಲಿ ಬೆಲೆಯಿದೆ. ಒಬ್ಬ ಡ್ರೈವರ್ ಎರಡನೇ ಸುತ್ತಿನಲ್ಲಿ ಯಾವ ಟೈರು ಹಾಕಿದ ಎಂದು ಬಾಯಿಪಾಠ ಹೇಳುವ ನೀವು, ಆ ತಂಡದ ಕೊನೆಯ ಮೂರು ಒಡೆಯರು ಯಾರು, ದುಡ್ಡು ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರಿ. ನಿಮ್ಮ ಮೆಚ್ಚಿನ ತಂಡದ ಪ್ರಾಯೋಜಕರಿಗೆ ಬರೆಯಿರಿ, ಮಾರ್ಷಲ್‌ಗೆ ಕೂಲಿ ಯಾಕಿಲ್ಲ ಎಂದು ಕೇಳಿ. ಕ್ರೀಡಾ ಪುಟದ ಸಂಪಾದಕರೇ, ಯಾರು ಗೆದ್ದರು ಎಂಬುದರ ಪಕ್ಕದಲ್ಲೇ ಆ ರೇಸಿಗೆ ಯಾರ ಬೊಕ್ಕಸದಿಂದ ಎಷ್ಟು ಹೋಯಿತು ಎಂಬ ಒಂದು ಸಾಲನ್ನೂ ಅಚ್ಚು ಹಾಕಿ.

ಶಾಸಕರೇ, ಸಚಿವರೇ, ಕರ್ನಾಟಕದ ನೆಲದಲ್ಲಿ ಸರ್ಕಾರದ ಒಂದು ರೂಪಾಯಿ ಸೇರುವ ಯಾವ ರೇಸಾದರೂ ಸರಿ, ಅದರ ಒಪ್ಪಂದವನ್ನು ಸಹಿಗೆ ಮುಂಚೆ ಸದನದಲ್ಲಿ ಮಂಡಿಸಿ, ಕನ್ನಡದಲ್ಲಿ ಪ್ರಕಟಿಸಿ. ಶುಲ್ಕ ಎಷ್ಟು, ಯಾವ ದೇಶದ ಯಾವ ಕಂಪನಿಗೆ, ಟಿ.ವಿ. ಹಕ್ಕಿನಲ್ಲಿ ನಮ್ಮ ಪಾಲೆಷ್ಟು, ನಷ್ಟವಾದರೆ ಹೊರುವವರು ಯಾರು ಎಂದು ಬರೆಯಿರಿ. ಟ್ರ್ಯಾಕ್ ಕಟ್ಟುವ ಗುತ್ತಿಗೆ ಕಾರ್ಮಿಕರ ಕೂಲಿಯನ್ನು ಮೊದಲೇ ಬ್ಯಾಂಕಿನಲ್ಲಿ ಠೇವಣಿಯಾಗಿ ಇಡಿಸಿ. ಬೇರೆ ಯಾವುದೇ ಕಂಪನಿಯಲ್ಲಿ ನೌಕರರ ಸಂಬಳ, ಪಿಎಫ್ ಬಾಕಿ ಇಟ್ಟುಕೊಂಡ ಒಡೆಯರಿಗೆ ಸರ್ಕಾರದ ನೆಲದಲ್ಲಿ ತಂಡ ಇಳಿಸುವ ಅವಕಾಶ ಕೊಡಬೇಡಿ. ಈ ಕಾಗದಗಳು ಜನರ ಕೈಗೆ ಬಂದು, ಜನ ಓದಿ, ಕೇಳಬೇಕಾದ್ದನ್ನು ಕೇಳಿ, ನೀವು ಉತ್ತರ ಕೊಡುವವರೆಗೆ ಆ ಒಪ್ಪಂದಕ್ಕೆ ನಿಮ್ಮ ಸಹಿ ಬೀಳಕೂಡದು.